ಮಡಚದೆ ಉಳಿದ ಬೆರಳು

“ಆರು,” ಎಂದು ಬೆರಳು ಮಡಚಿದ ಚೂಟಿ, ಏಳನೆಯ ಸದ್ದಿಗೆ ಕಿವಿ ನಿಮಿರಿಸಿ ಕಾದಳು. ಕ್ಲಾಸಿನ ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು. ಏಳನೆಯದು ಬರಲೇ ಇಲ್ಲ.

ಗುಡ್ಡದ ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸುವವನು ಚೂಟಿಯ ಅಪ್ಪ. ಎಷ್ಟು ಕುಳಿಗೆ ಮದ್ದು ತುಂಬುತ್ತೇನೆಂದು ದಿನಾ ಬೆಳಿಗ್ಗೆ ಮಗಳಿಗೆ ಹೇಳಿ ಹೋಗುತ್ತಿದ್ದ. ಊಟದ ಬೆಲ್ಲಿಗೆ ಮುಂಚೆ ಅವಳು ಅಷ್ಟೂ ಸದ್ದನ್ನು ಎಣಿಸಿ ಮುಗಿಸುತ್ತಿದ್ದಳು. ಇವತ್ತು ಏಳು ಎಂದಿದ್ದ.

“ಗಟ್ಟಿ ಗುಂಡಿಗೆ ಅಂದ್ರೆ ನಮ್ಮಪ್ಪಂದೇ,” ಎಂದು ಅವಳು ಶಾಲೆಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು. ಈಗ ಅದೇ ನೆನಪಾಯಿತು. ಹೆದರಿಕೆಯೇ ಇಲ್ಲದ ಅಪ್ಪ, ಸಿಡಿಯದ ಕುಳಿಗೆ ಏನಾಯಿತೆಂದು ನೋಡಲು ಹೋಗಿಬಿಟ್ಟರೆ?

ಬೆಲ್ ಹೊಡೆದದ್ದೇ ತಡ, ಟಿಫಿನ್ ಬಾಕ್ಸ್ ಅಲ್ಲೇ ಬಿಟ್ಟು ಓಡಿದಳು.

ಕ್ವಾರಿಯ ಗೇಟಿನಲ್ಲಿ ಕೆಂಪು ಬಾವುಟ ಇನ್ನೂ ಇಳಿದಿರಲಿಲ್ಲ. ಹೊರಗಿನ ತಗಡಿನ ಶೆಡ್ಡಿನಲ್ಲಿ ಕೆಲಸದವರೆಲ್ಲ ಮುದುಡಿ ಕೂತಿದ್ದರು. ಗೇಟಿಗೆ ಅಡ್ಡವಾಗಿ ಅಪ್ಪ ನಿಂತಿದ್ದ. ಸದ್ಯ, ಒಳಗೆ ಹೋಗಿರಲಿಲ್ಲ! ಆದರೆ ಸೂಪರ್‌ವೈಸರ್ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಎರಡು ಒಟ್ಟಿಗೆ ಸಿಡಿದಿರಬೇಕು, ಲಾರಿಗಳು ಕಾಯುತ್ತಿವೆ, ಒಳಗೆ ಹೋಗಿ ನೋಡಿ ಬಾ ಎಂದು ಒಂದೇ ಸಮನೆ ಪೀಡಿಸುತ್ತಿದ್ದ.

“ಆರೇ ಅಪ್ಪ,” ಚೂಟಿ ಏದುಸಿರು ಬಿಡುತ್ತ ಹೇಳಿದಳು. “ನಾನೂ ಎಣಿಸ್ದೆ. ಯಾವ್ದೂ ಒಟ್ಟಿಗೆ ಸಿಡೀಲಿಲ್ಲ.”

ಸೂಪರ್‌ವೈಸರ್ ನಕ್ಕ. “ಏನಯ್ಯ, ಹೆದರ್ಕೊಂಡ್ಯಾ?”

“ಹೂಂ ಸಾರ್, ಭಯ ಆಗ್ತಿದೆ,” ಎಂದ ಅಪ್ಪ. “ಅರ್ಧ ಗಂಟೆ ಆಗೋವರೆಗೂ ನಾನೂ ಹೋಗಲ್ಲ, ಯಾರನ್ನೂ ಬಿಡೋದೂ ಇಲ್ಲ.”

ಚೂಟಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಲ್ಲರ ಮುಂದೆ ಹಾಗೆ ಒಪ್ಪಿಕೊಳ್ಳಬೇಕಿತ್ತೇ?

ಅಪ್ಪ ಅವಳನ್ನು ಶೆಡ್ಡಿನೊಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಅವನ ಎಡಗೈ ಪೂರ್ತಿ ಮಡಚಿತ್ತು, ಬಲಗೈಯಲ್ಲಿ ಹೆಬ್ಬೆರಳು ಮಾತ್ರ. ಅವನೂ ಆರಕ್ಕೇ ನಿಂತಿದ್ದ. ಸೂಪರ್‌ವೈಸರ್ ಗೊಣಗುತ್ತ ಒಳಗೆ ಬಂದು, ವಾಚು ನೋಡಿಕೊಂಡ. ಹತ್ತು ನಿಮಿಷವಾಯಿತು. ಹದಿನೈದಾಯಿತು.

ಢಂ!

ನೆಲ ಅದುರಿತು. ತಗಡಿನ ಮೇಲೆ ಸಣ್ಣ ಕಲ್ಲುಗಳು ಚಟಪಟ ಉದುರಿದವು. ಸೂಪರ್‌ವೈಸರನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಪ್ಪನ ಬಲ ಅಂಗೈ ಬೆವೆತಿತ್ತು. ಚೂಟಿ ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಳಿದಿದ್ದ ಏಳನೆಯ ಬೆರಳನ್ನು ತಾನೇ ಮೆಲ್ಲಗೆ ಮಡಚಿದಳು.

“ನಂಗೂ ತುಂಬಾ ಭಯ ಆಯ್ತಪ್ಪ,” ಎಂದಳು, ಎಲ್ಲರಿಗೂ ಕೇಳುವ ಹಾಗೆ. ಈ ಸಲ ಅವಳಿಗೆ ನಾಚಿಕೆಯಾಗಲಿಲ್ಲ.