ಮೂರು ಸಲ ನೋಡಿದವನು

ಕ್ಯಾಮರಾ ಆಫ್‌ಲೈನ್ ಆದ ಅರ್ಧ ಗಂಟೆಯೊಳಗೆ ನಮ್ಮ ಗೇಟಿನ ಮುಂದೆ, ಅದನ್ನು ಫಿಟ್ ಮಾಡಿದ ದೀಪೇಶನ ಸ್ಕೂಟರ್ ಬಂದು ನಿಲ್ಲುತ್ತಿತ್ತು. ನಾನು ಫೋನ್ ಮಾಡುವ ಮೊದಲೇ. ಅದನ್ನು ನಾನು ಪ್ರೀತಿ ಅಂದುಕೊಂಡೆ. ಮೂವತ್ತೊಂದು ವರ್ಷವಾದ ಮೇಲೂ ಇಷ್ಟು ಸುಲಭಕ್ಕೆ ಮರುಳಾಗುವ ಬುದ್ಧಿ ನನಗೆ ಎಲ್ಲಿಂದ ಬಂತೋ, ದೇವರಿಗೇ ಗೊತ್ತು.

ನಮ್ಮ ಮನೆ ಬೋಳಾರದಲ್ಲಿ. ಹೊಳೆಗೆ ಹತ್ತು ನಿಮಿಷದ ನಡಿಗೆ. ಆ ಹತ್ತು ನಿಮಿಷವೇ ನನ್ನ ಹೆದರಿಕೆ. ಅಪ್ಪ ಗುರುವಪ್ಪ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಕಾರ್ಖಾನೆ ಮುಚ್ಚಿ ಕಾಲವಾಯಿತು. ಆದರೆ ಎರಡು ವರ್ಷದಿಂದ ಅಪ್ಪನಿಗೆ ಮರೆವು. ಮಧ್ಯಾಹ್ನ ಊಟ ಮುಗಿದು ಅಮ್ಮನಿಗೆ ಕಣ್ಣು ಹತ್ತಿದ್ದೇ ತಡ, ಅಂಗಿ ಹಾಕಿಕೊಂಡು ಎರಡು ಗಂಟೆಯ ಪಾಳಿಗೆ ಹೊರಟುಬಿಡುತ್ತಾರೆ. ಒಂದೇ ಒಂದು ದಿನ ಗೇಟಿಗೆ ಬೀಗ ಹಾಕಿದ್ದೆ. ಸರಳು ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ, "ಕೆಲಸ ಹೋಗ್ತದೆ, ಬಿಡಿ" ಎಂದು ಅತ್ತರು. ಮತ್ತೆ ಆ ಬೀಗ ಹಾಕಲು ನನ್ನಿಂದ ಆಗಲಿಲ್ಲ.

ಅದಕ್ಕೇ ಕ್ಯಾಮರಾ. ಗೇಟಿಗೆ ಒಂದು, ಮನೆಯೆದುರಿನ ಜಗಲಿಗೆ, ಅಂದರೆ ಸಿಟೌಟಿಗೆ ಒಂದು. ನಾನು ಹಂಪನಕಟ್ಟೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಟೈಪ್ ಮಾಡುತ್ತೇನೆ. ಮೊಬೈಲನ್ನು ಕಂಪ್ಯೂಟರಿಗೆ ಒರಗಿಸಿಟ್ಟು ಒಂದು ಕಣ್ಣು ಅದರ ಮೇಲೆ. ಗೇಟಿನಲ್ಲಿ ಅಪ್ಪ ಕಂಡ ಕೂಡಲೇ ಅಮ್ಮನಿಗೆ ಫೋನ್. ಅಮ್ಮ ಎದ್ದು ಓಡುತ್ತಾರೆ. ವೈಫೈ ಸರಿ ಇದ್ದರೆ ನಮ್ಮ ಸಂಸಾರ ಹೀಗೆ ಸಾಗುತ್ತಿತ್ತು. ಆದರೆ ಅದು ಸರಿ ಇದ್ದದ್ದೇ ಕಡಿಮೆ.

"ಎಂತ ಗೋಡೆ ಮಾರಾಯ್ರೆ ನಿಮ್ಮದು!" ದೀಪೇಶ ಏಣಿಯ ಮೇಲಿನಿಂದ ಗೋಡೆಗೆ ಬೆರಳಿನಿಂದ ಬಡಿದು ಹೇಳಿದ್ದ. "ಕೆಂಪುಕಲ್ಲು, ಒಂದೂವರೆ ಅಡಿ. ಸಿಗ್ನಲ್ ಎಲ್ಲಿಂದ ಹೊರಗೆ ಬರ್ಬೇಕು?"

"ಹಾಗಾದ್ರೆ ಗೋಡೆ ಒಡೆಯುದಾ?"

"ಬೇಡ. ರೂಟರನ್ನು ಶೋಕೇಸಿನ ಗೊಂಬೆಯ ಹಿಂದೆ ಕೂರಿಸಿದ್ದೀರಲ್ಲ, ಅದನ್ನು ಕಿಟಕಿಗೆ ತನ್ನಿ. ಅದಕ್ಕೂ ಗಾಳಿ ಬೆಳಕು ಬೇಡವಾ?"

ಆಮೇಲೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಪಾಠ ಮಾಡಿದ. ರೂಟರಿನಲ್ಲಿ ಎರಡು ಅಲೆಗಳಂತೆ. "ಐದು ಗಿಗಾಹರ್ಟ್ಸಿನದ್ದು ಭಾರೀ ಫಾಸ್ಟ್, ಆದ್ರೆ ಗೋಡೆ ಕಂಡ್ರೆ ಸುಸ್ತು. ಎರಡು ಪಾಯಿಂಟ್ ನಾಲ್ಕರದ್ದು ಸ್ವಲ್ಪ ಸ್ಲೋ, ಆದ್ರೆ ಗೋಡೆ ದಾಟ್ತದೆ. ಕ್ಯಾಮರಾಕ್ಕೆ ಅದೇ ಆಗ್ಬೇಕು. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೀರಿ, ಅದಕ್ಕೇ ಗಲಾಟೆ. ಬೇರೆ ಬೇರೆ ಹೆಸರು ಇಡಿ."

"ನೀವು ಯಾವ ಜಾತಿಯ ಸಿಗ್ನಲ್?" ನನ್ನ ಬಾಯಿಗೆ ಬೀಗ ಇಲ್ಲ.

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದ. ನನ್ನನ್ನು ನೋಡಿದ, ತಕ್ಷಣ ರೂಟರನ್ನು ನೋಡಿದ. ಕಿವಿ ಕೆಂಪಾಗಿತ್ತು. "ಎಂಟು ತಿಂಗಳಿಂದ ಒಂದು ಗೋಡೆ ದಾಟ್ಲಿಕ್ಕೆ ನೋಡ್ತಾ ಇದ್ದೇನೆ. ಯಾವುದು ಅಂತ ನೀವೇ ಹೇಳಿ."

ಮೊದಮೊದಲು ನಮ್ಮ ಮಾತೆಲ್ಲ ಕನ್ನಡದಲ್ಲಿತ್ತು, ಗಿರಾಕಿಗೂ ಕೆಲಸಕ್ಕೆ ಬಂದವನಿಗೂ ನಡುವೆ ಇರುವ ಕನ್ನಡ. ಅವನು ಕಾಟಿಪಳ್ಳದ ನಮ್ಮ ಪೈಕಿಯವನೇ ಎಂದು ಅಮ್ಮ ಚಹಾ ಕೊಡುತ್ತ ಪತ್ತೆಹಚ್ಚಿದ ದಿನ ಮಾತು ತುಳುವಿಗೆ ಇಳಿಯಿತು. ಆಮೇಲೆ ಇಬ್ಬರೂ ಕನ್ನಡಕ್ಕೆ ಹೋಗಲಿಲ್ಲ.

ಜನವರಿಯಲ್ಲಿ ನನಗೊಂದು ಸಂಬಂಧ ಬಂತು. ದುಬೈಯ ಹುಡುಗ. ಎಲ್ಲ ಒಪ್ಪಿಗೆ ಎಂದಾದ ಮೇಲೆ ಅವನ ಅಕ್ಕ ಮೆಲ್ಲ ಬಾಯಿಬಿಟ್ಟಳು, "ತಂದೆಯನ್ನು ಎಲ್ಲಿಯಾದ್ರೂ ಆಶ್ರಮಕ್ಕೆ ಸೇರಿಸಿದ್ರೆ ಒಳ್ಳೇದಿತ್ತು." ಬಾಗಿಲು ಅಲ್ಲಿದೆ ಎಂದು ತೋರಿಸಿದೆ. ಅವರು ಹೋದ ಮೇಲೆ ಸಿಟೌಟಿನ ಮೆಟ್ಟಿಲ ಮೇಲೆ ಕೂತು, ಒಳಗಿನವರಿಗೆ ಕೇಳಿಸದ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಮರುದಿನ ಬೆಳಿಗ್ಗೆ ದೀಪೇಶ ಬಂದ. ಕೈಯಲ್ಲಿ ಬಿಸಿ ಗೋಳಿಬಜೆಯ ಪೊಟ್ಟಣ. "ಸುಮ್ನೆ, ಒಮ್ಮೆ ಕ್ಯಾಮರಾ ಚೆಕ್ ಮಾಡುವಾ ಅಂತ." ಅಪ್ಪನನ್ನು ನಗಿಸಿದ, ನನ್ನನ್ನೂ ನಗಿಸಿದ. ನಾನು ಹೇಳದೆಯೇ ಇವನಿಗೆ ಹೇಗೆ ಗೊತ್ತಾಯಿತು? ಮನಸ್ಸಿಗೆ ಮನಸ್ಸೇ ಸಾಕ್ಷಿ ಅಂತಾರಲ್ಲ, ಇದೇ ಇರಬೇಕು ಅಂದುಕೊಂಡು ಇಡೀ ದಿನ ಲ್ಯಾಬಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಆಮೇಲೊಂದು ಮಂಗಳವಾರ ಲ್ಯಾಬಿನ ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಮೊಬೈಲ್ ಮೇಜಿನ ಮೇಲೆಯೇ ಉಳಿಯಿತು. ಹಿಂದೆ ಬಂದು ನೋಡಿದರೆ ಅಮ್ಮನ ಒಂಬತ್ತು ಮಿಸ್ಡ್ ಕಾಲ್. ಗೇಟಿನ ಅಲರ್ಟ್ ಬಂದು ಮುಕ್ಕಾಲು ಗಂಟೆಯಾಗಿತ್ತು.

ರಿಕ್ಷಾದಲ್ಲಿ ಹೇಗೆ ಬಂದೆನೋ ನೆನಪಿಲ್ಲ. ಬಂದು ನೋಡಿದರೆ ಅಪ್ಪ ಸಿಟೌಟಿನಲ್ಲಿ ಕೂತು ಬೊಂಡದ ಎಳನೀರು ಕುಡಿಯುತ್ತಿದ್ದರು. ದೀಪೇಶ ಕೆಳಗೆ ಕೂತು ಅವರ ಕಾಲಿನ ಕೆಸರು ತೊಳೆಯುತ್ತಿದ್ದ. ಅಮ್ಮ ಕಂಬ ಹಿಡಿದು ಅಳುತ್ತಿದ್ದರು. "ಮೊಣಕಾಲು ತನಕ ನೀರಿಗೆ ಇಳಿದಾಗಿತ್ತಂತೆ ಮಗಾ. ಇವನು ಎಳ್ಕೊಂಡು ಬಂದ."

ಅಮ್ಮನ ಎದುರೇ ಅವನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮೊದಲ ಸಲ. ಅತ್ತು ಅತ್ತು ಸ್ವಲ್ಪ ಸುಧಾರಿಸಿದ ಮೇಲೆ, ಏನೂ ಯೋಚಿಸದೆ ಕೇಳಿದೆ, "ಅಲ್ಲ, ನಿಮಗೆ ಹೇಗೆ ಗೊತ್ತಾಯ್ತು?"

ಅವನು ಅಪ್ಪನ ಕಾಲಿನ ಕಡೆ ಕಣ್ಣಿಳಿಸಿದ.

"ಅಲರ್ಟ್ ಬಂತು."

"ಯಾರಿಗೆ?"

"ನನ್ನ ಮೊಬೈಲಿಗೆ." ಕೈ ಹಿಂದೆಗೆದುಕೊಂಡ. "ಫಿಟ್ ಮಾಡಿದ ದಿನ ನಿಮ್ಮ ನಂಬರಿಗೆ ಓಟಿಪಿ ಬರ್ಲಿಲ್ಲ, ನೆನಪುಂಟಾ? ನನ್ನ ನಂಬರ್ ಹಾಕಿ ಅಕೌಂಟ್ ಓಪನ್ ಮಾಡಿ, ಮತ್ತೆ ನಿಮಗೆ ಶೇರ್ ಮಾಡಿದ್ದು. ನನ್ನದನ್ನು ಆಮೇಲೆ ತೆಗೀಬೇಕಿತ್ತು."

"ಮರೆತುಹೋಯ್ತಾ?"

"ಮೊದಲು ಮರೆತೆ. ಆಮೇಲೆ ಮರೆತ ಹಾಗೆ ಮಾಡಿದೆ."

ನನಗೆ ಸಿಟ್ಟು ನೆತ್ತಿಗೇರಿದರೆ ತುಳು ಬಿಟ್ಟುಹೋಗುತ್ತದೆ. "ನೀವು ನಮ್ಮ ಮನೆಯನ್ನು ಎಷ್ಟು ಸಲ ನೋಡಿದ್ದೀರಿ?" ಶುದ್ಧ ಕನ್ನಡದಲ್ಲಿ ಕೇಳಿದೆ. ಅವನ ಮುಖ ಸಣ್ಣದಾಯಿತು.

"ಇವತ್ತಿನದ್ದು ಬಿಟ್ಟು ಮೂರು ಸಲ. ಮೊದಲನೇದ್ದು ಫಿಟ್ ಮಾಡಿದ ದಿನ, ಚಿತ್ರ ಸರಿ ಬರ್ತದಾ ಅಂತ. ಎರಡನೇದ್ದು ಜನವರಿಯಲ್ಲಿ. ಸಿಟೌಟಿನ ಅಲರ್ಟ್, ನಿಮ್ಮ ತಂದೆಯೋ ಅಂತ ತೆಗೆದೆ. ನೀವು ಅಳ್ತಾ ಇದ್ರಿ."

"ಕೂಡ್ಲೇ ಮುಚ್ಚಿದ್ರಾ?"

"ಇಲ್ಲ."

"ಮೂರನೇದ್ದು?"

"ನೀವು ತಂದೆಯ ತಲೆ ಬಾಚ್ತಾ ಇದ್ರಿ. ಅದಕ್ಕೆ ಕಾರಣ ಎಂತದೂ ಇಲ್ಲ. ನೋಡ್ಬೇಕು ಅಂತ ಆಯ್ತು, ನೋಡಿದೆ."

ಅಪ್ಪನನ್ನು ಉಳಿಸಿದವನಿಗೆ ಕೈಮುಗಿಯಬೇಕೋ, ಕೆನ್ನೆಗೆ ಎರಡು ಬಿಡಬೇಕೋ ತಿಳಿಯಲಿಲ್ಲ. ಆ ಗೋಳಿಬಜೆ, ಆ ಅರ್ಧ ಗಂಟೆಯ ಸ್ಕೂಟರ್, ನಾನು ಒಬ್ಬಳೇ ನಕ್ಕ ಆ ದಿನ, ಎಲ್ಲದಕ್ಕೂ ನಾಚಿಕೆಯಾಯಿತು. ನಾನು ಅತ್ತದ್ದನ್ನು ಅಮ್ಮನೂ ನೋಡಿರಲಿಲ್ಲ.

"ಈಗಲೇ ನನ್ನ ಹೆಸರಿಗೆ ಮಾಡಿ. ನಿಮ್ಮದನ್ನು ನನ್ನ ಎದುರೇ ತೆಗೆಯಿರಿ. ಇನ್ನು ಈ ಕಡೆ ಬರಬೇಡಿ."

ಮಾಡಿದ. ಈ ಸಲ ಓಟಿಪಿ ಬಂತು. ಅವನ ಮೊಬೈಲಿನಿಂದ ನಮ್ಮ ಮನೆ ಅಳಿಸಿಹೋದದ್ದನ್ನು ತಿರುಗಿಸಿ ತೋರಿಸಿದ. ಗೇಟು ದಾಟುವಾಗ ಅಪ್ಪ ಹಿಂದಿನಿಂದ ಕೂಗಿದರು, "ಪಾಳಿ ಮುಗೀತಾ ಮಾರಾಯ?"

"ಮುಗೀತು ಗುರುವಪ್ಪಣ್ಣ" ಎಂದು ಹೇಳಿ ಹೋದ.

ಮುಂದಿನ ವಾರ ಕ್ಯಾಮರಾ ಆಫ್‌ಲೈನ್ ಆಯಿತು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಯಾರೂ ಬರಲಿಲ್ಲ. ನಾನೇ ಬೇಡ ಎಂದದ್ದು, ಮತ್ತೆ ಕಿವಿ ಯಾಕೆ ಗೇಟಿನ ಕಡೆಗೆ? ನನ್ನ ಮೇಲೆಯೇ ಸಿಟ್ಟು ಬಂತು. ಏಣಿ ಎಳೆದು ತಂದೆ. ಕರೆಂಟ್ ಹೋಗಿ ಬಂದಾಗ ರೂಟರ್ ಏಳುವ ಮೊದಲೇ ಕ್ಯಾಮರಾ ಎದ್ದು ಹುಡುಕುತ್ತದೆ, ಸಿಗದಿದ್ದರೆ ಮುನಿಸಿಕೊಂಡು ಕೂರುತ್ತದೆ ಎಂದು ಅವನೇ ಹೇಳಿದ್ದ. ರೂಟರಿಗೆ ಸಣ್ಣದೊಂದು ಬ್ಯಾಟರಿ ತಂದು ಕೂರಿಸಿದೆ. ಎರಡು ಅಲೆಗಳಿಗೆ ಎರಡು ಹೆಸರಿಟ್ಟೆ, ಪಾಸ್‌ವರ್ಡ್ ಬದಲಾಯಿಸಿದೆ. ಊಟದ ಹೊತ್ತಿನಲ್ಲಿ ಮೊಬೈಲ್ ನನ್ನ ಕೈಯಲ್ಲೇ ಇರುತ್ತದೆ ಎಂದು ಮ್ಯಾನೇಜರಿಗೂ ಮುಖ ನೋಡಿ ಹೇಳಿದೆ. ಆಮೇಲೆ ನಲವತ್ತು ದಿನ ಕ್ಯಾಮರಾ ಒಂದು ಸಲವೂ ಕೈಕೊಡಲಿಲ್ಲ.

"ಕ್ಯಾಮರಾ ಸರಿಯಾಯ್ತು. ನಿನ್ನ ಮುಖಕ್ಕೆ ಎಂತ ಆಗಿದೆ?" ಅಮ್ಮ ತೆಂಗಿನಕಾಯಿ ತುರಿಯುತ್ತ ಕೇಳಿದರು.

"ಎಂತ ಇಲ್ಲ."

"ಅವನು ಮಾಡಿದ್ದು ತಪ್ಪೇ. ನಾನು ಒಳ್ಳೇದು ಅಂತ ಹೇಳುದಿಲ್ಲ." ಸ್ವಲ್ಪ ಹೊತ್ತು ತುರಿದರು. "ಆದ್ರೆ ಅವತ್ತು 'ಅಮ್ಮ ಫೋನ್ ಮಾಡಿದ್ರು' ಅಂದಿದ್ರೆ ಮುಗೀತಿತ್ತು. ನಾನೂ ಹೌದು ಅಂತಿದ್ದೆ. ನಿನಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ."

ಅದೇ ನನ್ನನ್ನು ನಲವತ್ತು ದಿನದಿಂದ ಕೊರೆಯುತ್ತಿತ್ತು. ಕಾರಣವಿಲ್ಲದ ಆ ಮೂರನೆಯದನ್ನು ಅವನು ಯಾಕೆ ಹೇಳಬೇಕಿತ್ತು? ಎರಡೇ ಎಂದಿದ್ದರೆ ನಾನು ಅರ್ಧ ಕ್ಷಮಿಸುತ್ತಿದ್ದೆ. ಹೇಳಿದರೆ ನನ್ನನ್ನು ಕಳೆದುಕೊಳ್ಳುತ್ತೇನೆ ಎಂದು ಗೊತ್ತಿದ್ದೇ ಹೇಳಿದ್ದ.

ಸಿಟ್ಟು ಹೋಗಿರಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ. ಆದರೆ ಅವನು ಬೇಕಿತ್ತು. ಅಪ್ಪನನ್ನು ನೋಡಿಕೊಳ್ಳಲು ಅಲ್ಲ, ಕ್ಯಾಮರಾಕ್ಕೂ ಅಲ್ಲ, ನನಗೆ ಬೇಕಿತ್ತು. ಭಾನುವಾರ ಬೆಳಿಗ್ಗೆ ಎರಡೂ ಕ್ಯಾಮರಾ ಚೆನ್ನಾಗಿ ನಡೆಯುತ್ತಿವೆ ಎಂದು ನೋಡಿಕೊಂಡೇ ಆಪ್ ತೆಗೆದೆ. ಅವನ ನಂಬರಿಗೆ ಶೇರ್ ಕಳುಹಿಸಿದೆ. ಗೇಟಿನದ್ದು ಮಾತ್ರ. ಸಿಟೌಟಿನದ್ದು ಇಲ್ಲ.

ಒಂದು ಗಂಟೆಯಾದರೂ ಅವನು ಅದನ್ನು ಸ್ವೀಕರಿಸಲಿಲ್ಲ. ಎರಡು ಗಂಟೆಯಾಯಿತು. ಮರ್ಯಾದೆ ಬಿಟ್ಟು ನಾನೇ ಕಳುಹಿಸಿದೆನಲ್ಲ, ಎಂತ ಸಾವು ಇದು ಎಂದು ಮೊಬೈಲನ್ನು ಮಂಚದ ಮೇಲೆ ಎಸೆದೆ. ಆಗ ಅದು ಗುಂಯ್ ಎಂದಿತು. ಗೇಟಿನಲ್ಲಿ ಯಾರೋ ಇದ್ದಾರೆ.

ತೆಗೆದು ನೋಡಿದೆ. ದೀಪೇಶ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಟೂಲ್ ಬ್ಯಾಗ್ ಇಲ್ಲ. ಗೇಟಿನ ಹೊರಗೇ ನಿಂತಿದ್ದ. ಸ್ಕ್ರೀನ್ ಆರಿಸಿದೆ.

ಎರಡನೆಯ ಸಲ ತೆಗೆದೆ. ಕ್ಯಾಮರಾದ ಕಡೆ ಮುಖವೆತ್ತಿ ಏನೋ ಹೇಳುತ್ತಿದ್ದ. ಸೌಂಡ್ ಹಾಕಿದೆ. "ಶೇರ್ ನನಗೆ ಬೇಡ ನಿರೀಕ್ಷಾ. ಇನ್ನು ನೋಡ್ಬೇಕು ಅಂತ ಆದ್ರೆ ನಿಮ್ಮನ್ನು ಕೇಳಿಯೇ, ನಿಮ್ಮ ಎದುರೇ ಬಂದು ನೋಡ್ತೇನೆ. ಹೋಗು ಅಂದ್ರೆ ಹೋಗ್ತೇನೆ." ಮತ್ತೆ ಆರಿಸಿದೆ.

ಮೂರು ಸಲ ನೋಡಿದ್ದಾನಲ್ಲ, ನಿಲ್ಲಲಿ ಸ್ವಲ್ಪ. ಇನ್ನೊಮ್ಮೆ ತೆಗೆದೆ. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗೇಟನ್ನು ಮುಟ್ಟದೆ, ಹಾಗೆಯೇ ನಿಂತಿದ್ದ. ಆ ಮೂರನೆಯದಕ್ಕೆ ನನಗೂ ಕಾರಣವಿರಲಿಲ್ಲ.

ಮೈಕಿನ ಬಟನ್ ಒತ್ತಿ ಹಿಡಿದು, ಒಳಗೆ ಬನ್ನಿ ಎಂದು ತುಳುವಿನಲ್ಲಿ ಹೇಳಿದೆ.

"ಉಲಾಯಿ ಬಲೆ."