ಈನವ್ವನ ಆಹಿ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ರುಬ್ಬುಗಿರಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದ ಬಾವುಟದ ಮೇಲೆ ಸಿಂಹವೂ ಇರಲಿಲ್ಲ, ಹದ್ದೂ ಇರಲಿಲ್ಲ. ಒರಳುಕಲ್ಲು ಇತ್ತು. ಅರಮನೆಯಿಂದ ಹಿಡಿದು ಕುರಿ ಕಾಯುವವನ ಗುಡಿಸಲಿನವರೆಗೆ ಎಲ್ಲರೂ ಚಟ್ನಿಯನ್ನು ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬುತ್ತಿದ್ದರು. ಹೆಣ್ಣು ನೋಡಲು ಹೋದವರು ಹುಡುಗಿಯ ಮುಖ ನೋಡುವ ಮೊದಲು ಅವಳು ರುಬ್ಬಿದ ಚಟ್ನಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು.

ಅಂಥ ರಾಜ್ಯದಲ್ಲಿ ಪದುಮಿ ಅನ್ನುವ ಹುಡುಗಿ ಇದ್ದಳು. ಅವಳ ಅಪ್ಪ ಹಡಗಿನ ಬಡಗಿ. ಏಳು ಕಡಲಿನಾಚೆ ಕೊಲಂಬಿಯಾ ಅನ್ನುವ ಬೆಟ್ಟದ ನಾಡಿಗೆ ಹೋದವನು ಅಲ್ಲಿಂದ ಇನೆಸ್ ಎಂಬವಳನ್ನು ಮದುವೆಯಾಗಿ ಕರೆತಂದಿದ್ದ. ಊರಿನವರ ಬಾಯಲ್ಲಿ ಇನೆಸ್ ಹೋಗಿ ಈನವ್ವ ಆದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ತಾಯಿ, ಮಗಳು ಇಬ್ಬರೇ.

ಈನವ್ವ ಊರಿನ ಮಾತು ಕಲಿತಳು, ಸೀರೆ ಉಡುವುದು ಕಲಿತಳು. ರುಬ್ಬುವುದನ್ನು ಮಾತ್ರ ಕಲಿಯಲಿಲ್ಲ. ತನ್ನ ನಾಡಿನ ಖಾರ ಮಾಡುತ್ತಿದ್ದಳು. ಅದಕ್ಕೆ ಆಹಿ ಎಂದು ಹೆಸರು. ಮೆಣಸಿನಕಾಯಿ, ಈರುಳ್ಳಿ ದಂಟು, ಕೊತ್ತಂಬರಿ, ಟೊಮೆಟೊ, ಉಪ್ಪು, ನಿಂಬೆಹುಳಿ, ಒಂದಿಷ್ಟು ನೀರು. ಅಷ್ಟೇ. ಹಸಿರು ಕೆಂಪು ಚೂರುಗಳು ನೀರಿನಲ್ಲಿ ತೇಲುತ್ತಿದ್ದವು.

ಪದುಮಿ ಅರಮನೆಯ ಕಸೂತಿ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಬುತ್ತಿ ಬಿಚ್ಚಿದಾಗ ಪಕ್ಕದ ಮಲ್ಲಾಜಿ ಬಗ್ಗಿ ನೋಡಿದಳು.

"ಏನೇ ಪದುಮಿ, ಚಟ್ನಿ ತೊಳೆದು ತಂದಿದ್ದೀಯಾ?"

"ಒರಳು ಒಡೆದುಹೋಯ್ತೇನೋ ಪಾಪ. ನಮ್ಮನೇಲಿ ಎರಡಿವೆ, ಒಂದು ಹೊತ್ಕೊಂಡು ಹೋಗೇ!" ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಪದುಮಿಯೂ ನಕ್ಕಳು. ಅವರಿಗಿಂತ ಜೋರಾಗಿಯೇ ನಕ್ಕಳು.

ಅಂದು ಮನೆಯ ದಾರಿಯಲ್ಲಿ ಒಬ್ಬ ಕಲಾಯಿ ಹಾಕುವವನು ಮರದಡಿ ಕುಳಿತಿದ್ದ. ಮುಂದೆ ಒಂದು ತಾಮ್ರದ ಹಂಡೆ. ಅವನ ಒಲೆಯಲ್ಲಿ ಬೆಂಕಿ ಇರಲಿಲ್ಲ, ಆದರೂ ಹೊಗೆ ಬರುತ್ತಿತ್ತು.

"ತಂಗೀ, ಮನೆಯಲ್ಲಿ ಬೇಡದ್ದೇನಾದರೂ ಇದ್ದರೆ ಕೊಡಮ್ಮ. ಸುಮ್ಮನೆ ಬಾಯಲ್ಲಿ ಹೇಳಿದರೂ ಸಾಕು," ಎಂದ.

ಪದುಮಿ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. "ನಮ್ಮಮ್ಮನ ಆಹಿ," ಎಂದಳು. ಅವನು ಹಂಡೆಯ ಮುಚ್ಚಳ ಹಾಕಿದ. ಅಷ್ಟೇ ಆದದ್ದು.

ಮನೆಗೆ ಬಂದರೆ ಈನವ್ವ ಮರದ ಮಣೆಯ ಮುಂದೆ ಕುಳಿತಿದ್ದಳು. ಒಂದು ಕೈಯಲ್ಲಿ ಚಾಕು, ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು.

"ಪುಟ್ಟೀ, ಇದನ್ನ ಏನು ಮಾಡೋಕೆ ಹೊರಟಿದ್ದೆ ನಾನು?"

"ಸಾರಿಗೆ ಹಾಕೋಕೆ ಇರಬೇಕಮ್ಮ," ಎಂದಳು ಪದುಮಿ. ಒಂದು ವಾರ ಅವಳಿಗೆ ಹಾಯೆನಿಸಿತು. ಆದರೆ ಅಮ್ಮ ದಿನಾ ಮಣೆಯ ಮುಂದೆ ಬಂದು ಕೂರುತ್ತಿದ್ದಳು. ಕಳೆದದ್ದು ಏನೆಂದು ತಿಳಿಯದೆ ಹುಡುಕುವವರ ಹಾಗೆ ಸೊಪ್ಪನ್ನು ಮೂಸಿ ಕೆಳಗಿಡುತ್ತಿದ್ದಳು. ಆಮೇಲೆ ಊಟ ಬಿಟ್ಟಳು.

ಅಷ್ಟರಲ್ಲಿ ರಾಜ್ಯದ ತುಂಬ ಹಾಹಾಕಾರ. ಒಬ್ಬಳಿಗೆ ಬಸ್ಸಾರು ಮರೆತುಹೋಗಿತ್ತು, ಇನ್ನೊಬ್ಬಳಿಗೆ ಹೋಳಿಗೆ. ಅರಮನೆಯ ಅಡುಗೆಯವರು ಸೌಟು ಹಿಡಿದು ಕಂಬಗಳ ಹಾಗೆ ನಿಂತಿದ್ದರು. ಬೂದಿಬಡಕ ಅನ್ನುವ ಮಾಂತ್ರಿಕ ಮನೆಮನೆಯ ಕೈರುಚಿ ಕದ್ದು ಬೂದಿಗುಡ್ಡದಲ್ಲಿ ಇಟ್ಟಿದ್ದಾನೆಂದು ಡಂಗುರ ಸಾರಿದರು. ಪದುಮಿ ಯಾರಿಗೂ ಏನೂ ಹೇಳಲಿಲ್ಲ. ಬೇಕಾದೀತೆಂದು ಹಿತ್ತಲಿನ ಸೊಪ್ಪು, ಮೆಣಸಿನಕಾಯಿ, ಟೊಮೆಟೊ, ನಿಂಬೆ, ಉಪ್ಪು, ಚಾಕು, ಮಣೆ, ಒಂದು ಬಟ್ಟಲು ಗಂಟು ಕಟ್ಟಿಕೊಂಡು ಬೂದಿಗುಡ್ಡಕ್ಕೆ ಹೊರಟಳು.

ಗುಡ್ಡದ ಮೊದಲ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಗಿಳಿ ಕುಳಿತಿತ್ತು.

"ಏನು ಬೇಕು?"

"ನಮ್ಮಮ್ಮನ ಆಹಿ."

"ಹಾಗಾದರೆ ಮಾಡಿ ತೋರಿಸು. ಬಂದವರು ತಮಗೆ ಬೇಕಾದ್ದನ್ನು ಮಾಡಿ ತೋರಿಸಬೇಕು, ಇಲ್ಲಿಯ ಕಟ್ಟಳೆ ಅದು. ನಾನೂ ನನ್ನ ಹೆಂಡತಿಯ ಕೈಯ ಹುಳಿ ಕೇಳಿಕೊಂಡು ಬಂದವನೇ. ನಲವತ್ತು ವರ್ಷ ಉಂಡಿದ್ದೆ, ಹೇಗೆ ಮಾಡುತ್ತಾಳೆಂದು ಒಮ್ಮೆಯೂ ನೋಡಿರಲಿಲ್ಲ. ಗಿಳಿಯಾದೆ."

ಬಾಗಿಲ ಬಳಿ ಒಳ್ಳೆಯ ಒರಳು ಇತ್ತು. ಹೇಗೂ ಮಾಡುತ್ತೇನೆ, ಅಮ್ಮನದಕ್ಕಿಂತ ಚೆನ್ನಾಗಿ ಮಾಡೋಣ ಎಂದು ಪದುಮಿ ತಂದ ಮೆಣಸಿನಕಾಯಿಯನ್ನೆಲ್ಲ ಹಾಕಿ ನುಣ್ಣಗೆ ರುಬ್ಬಿದಳು. ಗಿಳಿ ಕೊಕ್ಕು ಅದ್ದಿತು. "ಇದು ಚಟ್ನಿ. ರುಬ್ಬುಗಿರಿಯವರೆಲ್ಲ ಮೆಚ್ಚಿಯಾರು."

ಪದುಮಿಯ ಬೆರಳ ತುದಿಯಲ್ಲಿ ಹಸಿರು ಗರಿ ಮೂಡಿತು. ಅವಳು ಹೆದರಿ ಕಣ್ಣು ಮುಚ್ಚಿದಳು. ಆಗ ಮನೆಯ ಒಂದು ಸದ್ದು ನೆನಪಾಗಿ ಕಿವಿಗೆ ಬಂತು. ಬೆಳಗಾಗುತ್ತಿದ್ದ ಹಾಗೆ ಮಣೆಯ ಮೇಲೆ ಟಕ್ ಟಕ್ ಟಕ್. ಆ ಸದ್ದಿಗೆ ಅವಳು ದಿನಾ ಗೊಣಗುತ್ತಾ ದುಪ್ಪಟಿ ಎಳೆದುಕೊಳ್ಳುತ್ತಿದ್ದಳು. ಕಲ್ಲಿನ ಗರಗರ ಆ ಮನೆಯಲ್ಲಿ ಎಂದೂ ಇರಲಿಲ್ಲ. ಅವಳು ಚಾಕು ತೆಗೆದಳು. ಗಿಳಿ ತನ್ನ ಗೂಡಿನಿಂದ ಸೂಜಿಯಂಥ ಗಾಂಧಾರಿ ಮೆಣಸಿನಕಾಯಿಗಳನ್ನು ಉದುರಿಸಿತು. "ತಗೋ, ನಮಗೆ ಹಕ್ಕಿಗಳಿಗೆ ಖಾರ ಗೊತ್ತಾಗುವುದಿಲ್ಲ." ಅವಳು ಸಣ್ಣಗೆ ಹೆಚ್ಚಿದಳು. ಗರಿ ಉದುರಿತು, ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಕಲ್ಲಿನ ಹುಲಿ ಮಲಗಿತ್ತು. "ಏನು ಬೇಕು?"

"ನಮ್ಮಮ್ಮನ ಆಹಿ."

ಈ ಸಲ ಎಲ್ಲವನ್ನೂ ಹೆಚ್ಚಿ, ಹುಳಿ ಹಿಂಡಿ, ನೀರು ಬೆರೆಸಿ, ತಡಮಾಡದೆ ಕೊಟ್ಟಳು. ಹುಲಿ ನಾಲಿಗೆ ಚಾಚಿತು. "ಮೆಣಸಿನಕಾಯಿ ಒಂದು ಕಡೆ ಕೂಗುತ್ತಿದೆ, ಈರುಳ್ಳಿ ಇನ್ನೊಂದು ಕಡೆ. ಒಂದಕ್ಕೊಂದು ಮಾತೇ ಆಡುತ್ತಿಲ್ಲವಲ್ಲೇ ಹುಡುಗಿ."

ಅವಳ ಪಾದ ಕಲ್ಲಾಯಿತು. ಪದುಮಿ ಯೋಚಿಸಿದಳು. ಹೆಚ್ಚಿದ ಮೇಲೆ ಅಮ್ಮ ಏನು ಮಾಡುತ್ತಿದ್ದಳು? ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಕೈ ತೊಳೆದು, ಬಾಚಣಿಗೆ ತರುತ್ತಿದ್ದಳು. "ಬಾ ಪುಟ್ಟೀ, ಅದು ಕೂಡಿಕೊಳ್ಳೋವರೆಗೆ ನಿನ್ನ ತಲೆ ಬಾಚ್ತೀನಿ." ಪದುಮಿ ಕೊಸರಿಕೊಳ್ಳುತ್ತಿದ್ದಳು. "ಕೈ ಈರುಳ್ಳಿ ನಾರುತ್ತೆ, ಬಿಡಮ್ಮ!" ಆಮೇಲೆ ಅಮ್ಮ ಸುಮ್ಮನೆ ಒಬ್ಬಳೇ ಬಟ್ಟಲಿನ ಪಕ್ಕ ಕೂರುತ್ತಿದ್ದಳು.

ಪದುಮಿ ಬಟ್ಟಲಿಗೆ ಮಣೆ ಮುಚ್ಚಿ ಕುಳಿತಳು. ತನ್ನ ಜಡೆಯನ್ನು ತಾನೇ ಬಿಚ್ಚಿ, ತಾನೇ ಹೆಣೆದಳು. ನೆರಳು ಗೋಡೆ ಇಳಿದ ಮೇಲೆ ಮುಚ್ಚಳ ತೆಗೆದಳು. ಹುಲಿ ನೆಕ್ಕಿತು, ಪಕ್ಕಕ್ಕೆ ಸರಿಯಿತು. ಅವಳ ಪಾದಕ್ಕೆ ಮತ್ತೆ ಜೀವ ಬಂತು.

ಮೂರನೆಯ ಬಾಗಿಲೊಳಗೆ ಬೂದಿಬಡಕ ಹಂಡೆಯನ್ನು ತಬ್ಬಿಕೊಂಡು ಕುಳಿತಿದ್ದ. "ಓಹೋ, ತಂಗಿ! ಬೇಡವೆಂದವಳು ಬೇಕೆಂದು ಬಂದೆಯಾ? ಕೊಡು ಇಲ್ಲಿ ಬಟ್ಟಲು."

"ಅದನ್ನ ಹಾಗೆ ತಿನ್ನಬಾರದು," ಎಂದಳು ಪದುಮಿ. ಹೇಳಿದ್ದು ಅವಳಾದರೂ ಮಾತು ಅಮ್ಮನದು. "ನಡುವೆ ಇಟ್ಟುಕೊಂಡು ಚಮಚದ ತುದಿಯಲ್ಲಿ ಚೂರು ಚೂರು ಹಾಕಿಕೊಳ್ಳಬೇಕು."

"ಊರೆಲ್ಲ ನುಂಗಿದವನಿಗೆ ನೀನು ಊಟ ಕಲಿಸ್ತೀಯಾ?" ಎಂದವನೇ ಬಟ್ಟಲನ್ನು ಎತ್ತಿ ಗಟಗಟನೆ ಕುಡಿದ.

ಅವನ ಕಿವಿ ಕೆಂಪಾಯಿತು. ಮೂಗು ಕೆಂಪಾಯಿತು. ಅವನು ಇಡೀ ಗುಡ್ಡ ನಡುಗುವ ಹಾಗೆ ಕುಣಿದ. "ಅಯ್ಯೋ, ಮಜ್ಜಿಗೆ! ಯಾರದೋ ಮನೆಯ ಮೊಸರನ್ನ ಕದ್ದಿದ್ದೆನಲ್ಲ, ಎಲ್ಲಿ?" ಎಂದು ತಾನೇ ಹಂಡೆಯ ಮುಚ್ಚಳ ಕಿತ್ತ. ಬಸ್ಸಾರು, ಹೋಳಿಗೆ, ಹುಳಿ, ಮೊಸರನ್ನ, ಎಲ್ಲ ಕೈರುಚಿಗಳೂ ಬಣ್ಣದ ಹಬೆಯಾಗಿ ಮೇಲೆದ್ದು ತಮ್ಮ ತಮ್ಮ ಮನೆಗಳ ಕಡೆ ಹಾರಿದವು. ಹೊರಗೆ ಗಿಳಿ ಮುದುಕನಾಯಿತು, ಹುಲಿ ಒಬ್ಬ ಸಿಪಾಯಿಯಾಯಿತು.

ಪದುಮಿ ಹಂಡೆಯೊಳಗೆ ಇಣುಕಿದಳು. ಬರಿದಾಗಿತ್ತು.

"ನಮ್ಮಮ್ಮನದು ಎಲ್ಲಿ?"

ಕದ್ದ ರುಚಿಗಳೆಲ್ಲ ಹೋದದ್ದೇ ಬೂದಿಬಡಕ ಕಾಲಿನಿಂದ ಮೇಲಕ್ಕೆ ಬೂದಿಯಾಗುತ್ತಿದ್ದ. "ಉಳಿದದ್ದೆಲ್ಲ ನಾನು ಕದ್ದದ್ದು ತಂಗೀ, ಕದ್ದದ್ದು ಹೊರಟುಹೋಗುತ್ತದೆ. ಅದನ್ನು ನೀನೇ ಕೊಟ್ಟೆ. ಅವತ್ತೇ ತಿಂದುಬಿಟ್ಟೆ." ಬಾಯಿ ಮಾತ್ರ ಉಳಿದಾಗ ಅವನು ಇನ್ನೊಂದು ಮಾತು ಹೇಳಿದ. "ಬಹಳ ಚೆನ್ನಾಗಿತ್ತು."

ಗಾಳಿ ಬೀಸಿತು. ಬೂದಿ ಹಾರಿಹೋಯಿತು.

ರುಬ್ಬುಗಿರಿಯಲ್ಲಿ ಅಂದು ಎಲ್ಲ ಒಲೆಗಳೂ ಹೊತ್ತಿಕೊಂಡವು. ರಾಜ ಹೋಳಿಗೆ ತಿಂದ, ಮುದುಕ ಹೆಂಡತಿಯ ಪಕ್ಕ ನಿಂತು ಹುಳಿ ಮಾಡುವುದನ್ನು ನೋಡಿದ, ಮಲ್ಲಾಜಿಗೆ ಒಳ್ಳೆಯ ಕಡೆ ಮದುವೆಯಾಯಿತು. ಆ ರಾಜ್ಯದವರು ಮುಂದೆ ಹಸಿವಿನಿಂದ ಎದ್ದು, ಉಂಡು ಮಲಗಿ, ಸುಖವಾಗಿಯೇ ಇದ್ದರು.

ಪದುಮಿ ಮನೆಗೆ ಬಂದು ಅಮ್ಮನ ಎದುರು ಮಣೆ ಹಾಕಿಕೊಂಡಳು. ಹೆಚ್ಚಿದಳು. ಮುಚ್ಚಿಟ್ಟಳು. ಕೂಡಿಕೊಳ್ಳುವ ಹೊತ್ತಿನಲ್ಲಿ ಬೂದಿಬಡಕನಿಗೆ ತಾನು ಏನು ಕೊಟ್ಟೆನೆಂದು ಹೇಳಿದಳು. ಯಾಕೆ ಕೊಟ್ಟೆನೆಂಬುದನ್ನೂ ಹೇಳಿದಳು. ಈನವ್ವ ಕೇಳಿಸಿಕೊಂಡಳು. ಆಮೇಲೆ ಚಮಚದ ತುದಿಯಲ್ಲಿ ಚೂರು ತೆಗೆದು ರೊಟ್ಟಿಗೆ ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ಒಂದಿಡೀ ರೊಟ್ಟಿ ತಿಂದಳು.

"ಚೆನ್ನಾಗಿದೆ ಕಣೇ. ನಾಳೆ ನನಗೂ ಕಲಿಸು," ಎಂದಳು.

"ಹ್ಞೂಂ ಅಮ್ಮ."

"ನಾನು ಮಾಡ್ತಿದ್ದದ್ದು ಇದಕ್ಕಿಂತ ಚೆನ್ನಾಗಿತ್ತಾ?"

ಪದುಮಿ ಸುಳ್ಳು ಹೇಳಬಹುದಿತ್ತು. "ಹೌದಮ್ಮ. ಬಹಳ ಚೆನ್ನಾಗಿತ್ತು."

ಈನವ್ವ ಬಟ್ಟಲಿಗೆ ಮತ್ತೆ ತಟ್ಟೆ ಮುಚ್ಚಿದಳು.

"ಒಂದು ಸಲ ನಾನೂ ಅದನ್ನ ತಿಂದು ನೋಡಬೇಕಿತ್ತು," ಎಂದಳು.