ಜಾಲರಿಯ ಬಗ್ಗಿದ ಮೂಲೆ

ರಿಪೇರಿಗೆ ಮೂರನೇ ಸಲ ಬಂದಾಗ ಅವನಿಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಸ್ಟೀಮ್ ಓವನ್ನಿನ ಪಕ್ಕದ ತಗಡು ಬಿಚ್ಚಿ, ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು, ಇಲ್ಲಿ ನೀರಿನ ನಲ್ಲಿಯನ್ನು ಯಾರು ಮುಚ್ಚಿಡುತ್ತಾರೆ ಎಂದು ಕೇಳಿದ. ಕೇಳಿದ್ದು ಇಡೀ ಅಡುಗೆಮನೆಯನ್ನು. ನೋಡಿದ್ದು ಮಾತ್ರ ಚಂಪಾಳನ್ನು.

ಅಕ್ಕಿ ತೊಳೆಯುತ್ತಿದ್ದ ಚಂಪಾ ತಲೆ ಇನ್ನಷ್ಟು ತಗ್ಗಿಸಿದಳು. ಕಾಪುವಿನಲ್ಲಿ ಒಡತಿ ಸೆಲೀನ್ ಬಾಯಿಯ ಮನೆಯ ಹಿಂದಿನ ಈ ಅಡುಗೆಮನೆಗೆ ಅವಳು ಬಂದು ಆರು ವರ್ಷವಾಗಿತ್ತು. ಮದುವೆಗೆ, ನಾಮಕರಣಕ್ಕೆ ಅಡುಗೆ ಮಾಡಿ ಕಳಿಸುವ ಜಾಗ ಅದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಅವಳಿಗೆ ಮಾತು ಕಡಿಮೆ. ನಾಲಿಗೆಗೆ ಬರದ ಮಾತೆಲ್ಲ ಕಣ್ಣಿಗೆ ಹೋಗಿ ಸೇರಿತ್ತೋ ಏನೋ, ಅವಳು ನೋಡುತ್ತಿದ್ದಳು. ಯಾವ ಪಾತ್ರೆಯ ಹಿಡಿ ಸಡಿಲವಾಗಿದೆ, ಯಾರು ಯಾವಾಗ ಸುಮ್ಮನಾದರು, ಎಲ್ಲ ಅವಳಿಗೆ ಗೊತ್ತು.

ಓವನ್ನಿನ ಕಾಯಿಲೆಯೂ ಗೊತ್ತಿತ್ತು. ಹೇಳಲು ಧೈರ್ಯ ಇರಲಿಲ್ಲ. ಅವನು ಹಿಂದಿನ ಎರಡು ಸಲವೂ ಕರೆಂಟು ಬಂದಾಗ ನೀರಿನ ವಾಲ್ವನ್ನು ತೆರೆಯುವ ಕಾಯಿಲ್ ಬದಲಿಸಿ ಹೋಗಿದ್ದ, ಎರಡು ಸಲವೂ ವಾರದೊಳಗೆ ನೀರಿನ ಹನಿಯ ಕೆಂಪು ಚಿತ್ರ ಮಿನುಗಿ ಮೆಷಿನ್ ನಿಂತಿತ್ತು. ಈಗ ಮೂರನೆಯದನ್ನು ಚೀಲದಿಂದ ತೆಗೆಯುತ್ತಿದ್ದಾನೆ.

"ಕಾಯಿಲ್ ಸರಿ ಉಂಟು," ಎಂದಳು ಚಂಪಾ, ಅಕ್ಕಿಯ ಪಾತ್ರೆಗೇ ಹೇಳುವಂತೆ. "ಒಳಗೆ ಟಕ್ ಅಂತ ಕೇಳ್ತದೆ. ಆಮೇಲೆ ನೀರು ಹೋಗುವ ಶಬ್ದ ಮಾತ್ರ ಇಲ್ಲ."

ಅವನ ಕೈ ನಿಂತಿತು. "ಇನ್ನೊಮ್ಮೆ ಹೇಳಿ."

ಸುಮ್ಮನಿರು ಎಂದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇನ್ನೊಮ್ಮೆ ಹೇಳಿ ಎಂದವನು ಇವನೊಬ್ಬನೇ. ಅವಳು ಇನ್ನೊಮ್ಮೆ ಹೇಳಿದಳು. ಅವನು ಕಾಯಿಲನ್ನು ಚೀಲಕ್ಕೆ ಹಾಕಿ, ನೀರಿನ ಪೈಪು ಬಿಚ್ಚಿ, ವಾಲ್ವಿನ ಬಾಯಿಯಿಂದ ಬೆರಳ ತುದಿಯಷ್ಟಿನ ಒಂದು ಜಾಲರಿಯನ್ನು ಇಕ್ಕಳದಲ್ಲಿ ಎಳೆದ. ಕೆಂಪು ಮರಳು, ಬಿಳಿ ಉಪ್ಪು ಗಟ್ಟಿಯಾಗಿ ಕೂತು ಅದರ ಕಣ್ಣೆಲ್ಲ ಮುಚ್ಚಿಹೋಗಿತ್ತು.

"ನನ್ನ ಡಿಪ್ಲೊಮಾ ಕಾಲೇಜಿಗೇ ವಾಪಸ್ ಕೊಡ್ಬೇಕು," ಎಂದ ಅವನು, ಅದನ್ನು ಬೆಳಕಿಗೆ ಹಿಡಿದು. "ಹೆಸರು ಎಂತ ನಿಮ್ಮದು?"

ಅವನ ಹೆಸರು ಜೋವಿನ್. ಮನೆ ಕಾರ್ಕಳ, ಕೆಲಸ ಮಣಿಪಾಲದ ಒಂದು ಸರ್ವಿಸ್ ಸೆಂಟರಿನಲ್ಲಿ. ಇದನ್ನು ಅವನು ಹೇಳಿದ್ದಲ್ಲ. ಅಂಗಿಯ ಜೇಬು, ಬೈಕಿನ ಹಿಂದಿನ ಸ್ಟಿಕ್ಕರ್, ಫೋನಿನಲ್ಲಿ ಅಮ್ಮನೊಡನೆ ಆಡಿದ ಕೊಂಕಣಿ, ಇವುಗಳಿಂದ ಅವಳೇ ಕೂಡಿಸಿಕೊಂಡದ್ದು.

ಕಾಪುವಿನ ಬಾವಿಗಳಿಗೆ ಸಮುದ್ರ ಹತ್ತಿರ. ಜನವರಿ ದಾಟಿದರೆ ನೀರಿಗೆ ಉಪ್ಪು ಬರುತ್ತದೆ, ಎರಡು ಮೂರು ವಾರಕ್ಕೊಮ್ಮೆ ಜಾಲರಿ ಕಟ್ಟುತ್ತದೆ. ಜೋವಿನ್ ಬರುತ್ತಲೇ ಇದ್ದ. ಹತ್ತು ನಿಮಿಷದ ಕೆಲಸ, ಮುಕ್ಕಾಲು ಗಂಟೆಯ ಚಹಾ.

ಒಂದು ಮಧ್ಯಾಹ್ನ ಅವನು ಅವಳಿಗೆ ವಾಲ್ವನ್ನು ಕೇಳಿಸಿಕೊಳ್ಳುವುದು ಕಲಿಸಿದ. ಕಲಿಸುವಂಥದ್ದೇನೂ ಇರಲಿಲ್ಲ, ಅವಳಿಗೆ ಬರುತ್ತಿತ್ತು. ಆದರೂ ಅವಳು ಓವನ್ನಿನ ಸ್ಟೀಲ್ ಮೈಗೆ ಕಿವಿಯಿಟ್ಟಳು. ಅವನೂ ಎದುರಿನಿಂದ ಕಿವಿಯಿಟ್ಟ. ನಡುವೆ ಒಂದು ಗೇಣು. ಅವನ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ರೆಪ್ಪೆಯಲ್ಲಿ ಅಕ್ಕಿಹಿಟ್ಟಿನ ಒಂದು ಕಣ.

ಟಕ್. ಆಮೇಲೆ ಒಳಗೆಲ್ಲೋ ನೀರು ಓಡಿದ ಸದ್ದು.

"ಕೇಳಿತಾ?" ಎಂದ ಅವನು, ಪಿಸುಮಾತಿನಲ್ಲಿ.

ಅವಳು ಕಣ್ಣಿನಲ್ಲೇ ಹೌದೆಂದಳು. ನೀರಿನ ಸದ್ದು ನಿಂತ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಕೇಳಲು ಅಲ್ಲಿ ಇನ್ನೇನೂ ಇರಲಿಲ್ಲ.

ಮಾರ್ಚಿನಲ್ಲಿ ಒಮ್ಮೆ ಅವನು ಬರುವಷ್ಟರಲ್ಲಿ ತಡವಾಗುತ್ತದೆಂದು ಅವಳೇ ಜಾಲರಿ ತೆಗೆದು ಸೇಫ್ಟಿಪಿನ್ನಿನಿಂದ ಕುತ್ತಿ ಸ್ವಚ್ಛ ಮಾಡಿದಳು. ಒಂದು ಮೂಲೆ ಬಗ್ಗಿಹೋಯಿತು. ಅವನು ನೋಡಿ ನಕ್ಕ. ಕಂಪೆನಿಯವರು ಇಂಥದ್ದನ್ನು ಲಕ್ಷಗಟ್ಟಲೆ ಮಾಡುತ್ತಾರೆ, ಆದರೆ ಈ ಒಂದರ ಮೇಲೆ ಚಂಪಾಳ ಸಹಿ ಉಂಟು ಎಂದ. ಇನ್ನು ಮೇಲೆ ಪಿನ್ನು ಬೇಡ, ವಿನೆಗರ್‌ನಲ್ಲಿ ನೆನೆಸಿ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಬೇಕು ಎಂದೂ ಹೇಳಿಕೊಟ್ಟ. ಅವಳು ಕಲಿತರೆ ಅವನು ಬರಬೇಕಾಗಿಲ್ಲ ಎನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮುಂದಿನ ಸಲ ಜಾಲರಿ ಕಟ್ಟಿದಾಗ ಚಂಪಾ ಅದನ್ನು ಮುಟ್ಟಲಿಲ್ಲ. ತನಗೆ ಗೊತ್ತಾಗುವುದಿಲ್ಲ, ಸೆಂಟರಿಗೆ ಫೋನ್ ಮಾಡಿ ಎಂದಳು.

ಸೆಲೀನ್ ಬಾಯಿಗೆ ಗೊತ್ತಾಗದೆ ಇರಲಿಲ್ಲ. ಒಂದು ದಿನ ತೆಂಗಿನಕಾಯಿ ತುರಿಯುತ್ತಾ, ಅವಳ ಮುಖ ನೋಡದೆ ಹೇಳಿದರು. "ಅವರ ಮನೆಯಲ್ಲೂ ಬಿಡುವುದಿಲ್ಲ, ನಿಮ್ಮ ಮನೆಯಲ್ಲೂ ಬಿಡುವುದಿಲ್ಲ. ಊರಿನವರಂತೂ ಬದುಕಲಿಕ್ಕೇ ಬಿಡುವುದಿಲ್ಲ ಮಗಾ. ನನಗೆ ಕಾಣುವುದಿಲ್ಲ ಅಂತ ಎಣಿಸ್ಬೇಡ."

ಚಂಪಾ ಏನೂ ಎಣಿಸಿರಲಿಲ್ಲ. ಅಣ್ಣ ರೋಹಿತ್ ಈಚೆಗೆ ಬಸ್‌ಸ್ಟ್ಯಾಂಡಿಗೆ ಅವಳನ್ನು ಕರೆದೊಯ್ಯಲು ಬರತೊಡಗಿದ್ದ. ಸುದ್ದಿ ಅವನ ಕಿವಿಗೂ ಬಿದ್ದಿತ್ತು.

ಈಸ್ಟರ್ ಕಳೆದು ಎರಡು ವಾರಕ್ಕೆ ಬಾಯಿ ಆರ್ಡರ್ ಪುಸ್ತಕ ಅವಳ ಮುಂದೆ ಇಟ್ಟರು. ಕಾರ್ಕಳದಲ್ಲಿ ಒಂದು ರೋಸ್. ಕ್ರಿಶ್ಚಿಯನ್ನರ ಮನೆಯಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಆರುನೂರು ಸಾನ್ನಾ ಬೇಕು, ಅಕ್ಕಿಹಿಟ್ಟಿಗೆ ಕಳ್ಳು ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸಿದ್ದು. ಹುಡುಗಿ ಕುವೈತಿನಲ್ಲಿ ನರ್ಸ್, ಹೆಸರು ಕ್ಯಾರೆನ್. ಹುಡುಗನ ಹೆಸರನ್ನು ಬಾಯಿ ಓದಿ ಹೇಳಲಿಲ್ಲ. ಚಂಪಾ ತಾನೇ ಓದಿಕೊಂಡಳು.

ರೋಸ್‌ಗೆ ಐದು ದಿನ ಇರುವಾಗ ಜೋವಿನ್ ಕೊನೆಯ ಸಲ ಬಂದ. ಇಗರ್ಜಿಯಲ್ಲಿ ಪಾದ್ರಿ ಮೂರು ಭಾನುವಾರವೂ ಅವನ ಮದುವೆಯ ಪ್ರಕಟಣೆ ಓದಿಯಾಗಿತ್ತು. ಎಲ್ಲವನ್ನೂ ನೋಡುವ ಚಂಪಾ ಆ ದಿನ ಅವನ ಕೈಗಳನ್ನು ನೋಡಲಾರದೆ ಹೊರಗೆ ಪಾತ್ರೆ ತೊಳೆಯುತ್ತ ಕುಳಿತಳು. ಹೊಸ ಜಾಲರಿಯನ್ನೇ ಹಾಕಿದ್ದೇನೆ, ಆರುನೂರಲ್ಲ ಆರು ಸಾವಿರ ಬೇಯಿಸಿ ಎಂದು ಅವನು ಬಾಯಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಹೆಲ್ಮೆಟ್ ಹಿಡಿದುಕೊಂಡು ನಲ್ಲಿಯ ಬಳಿ ಬಂದು ನಿಂತ.

"ಆ ದಿನ ಮೆಷಿನ್ ನಿಂತರೆ ಫೋನ್ ಮಾಡಿ."

"ಆ ದಿನ ನಿಮಗೆ ಬೇರೆ ಕೆಲಸ ಉಂಟಲ್ಲ."

"ನೀವು ಕರೆದರೆ ಬರ್ತೇನೆ." ಅವನು ಹೆಲ್ಮೆಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ. "ಸೆಂಟರಿಗೆ ಅಲ್ಲ, ನನಗೆ ಮಾಡಿ. ಎಲ್ಲಿದ್ದರೂ ಬರ್ತೇನೆ."

ಅವಳು ತಲೆಯೆತ್ತಲಿಲ್ಲ. ಅವನ ಬೂಟುಗಳು ತುಂಬ ಹೊತ್ತು ಅಲ್ಲೇ ಇದ್ದವು, ಆಮೇಲೆ ಇರಲಿಲ್ಲ.

ರೋಸ್ ದಿನ ಬೆಳಿಗ್ಗೆ ಎರಡು ದೊಡ್ಡ ಹಂಡೆಗಳಲ್ಲಿ ಹಿಟ್ಟು ಉಬ್ಬಿ ಅಂಚಿನವರೆಗೆ ಬಂದಿತ್ತು. ಮೊದಲ ಇನ್ನೂರು ಸಾನ್ನಾ ಸರಿಯಾಗಿ ಬೆಂದವು. ಎರಡನೇ ಸಲ ತಟ್ಟೆಗಳನ್ನು ಒಳಗಿಟ್ಟು ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಕೆಂಪು ಹನಿ ಮಿನುಗಿತು. ಹಬೆ ಇಳಿಯಿತು.

ಸೆಲೀನ್ ಬಾಯಿ ಓಡಿ ಬಂದು ಸೆಂಟರಿಗೆ ಫೋನ್ ಮಾಡಿದರು. ಉಬ್ಬಿದ ಹಿಟ್ಟು ಇನ್ನೊಂದು ಗಂಟೆ ನಿಂತರೆ ಹುಳಿಯಾಗಿ ಕುಸಿಯುತ್ತದೆ. ಸೆಂಟರಿನಲ್ಲಿ ಫೋನ್ ಎತ್ತುವವರಿಲ್ಲ, ಭಾನುವಾರ. ಬಾಯಿ ತನ್ನ ಫೋನನ್ನು ಚಂಪಾಳ ಕೈಗೆ ಕೊಟ್ಟರು. "ಅವನಿಗೇ ಮಾಡು. ಬೈಕಿನಲ್ಲಿ ಮುಕ್ಕಾಲು ಗಂಟೆ ಸಾಕು." ಹೇಳಿದ ಮೇಲೆ ತಾನೇನು ಹೇಳಿದೆ ಎಂದು ತಿಳಿದು ಗೋಡೆಯ ಕಡೆ ತಿರುಗಿದರು.

ಚಂಪಾ ಫೋನ್ ಹಿಡಿದುಕೊಂಡೇ ಓವನ್ನಿಗೆ ಕಿವಿಯಿಟ್ಟಳು. ಟಕ್. ನೀರಿನ ಸದ್ದಿಲ್ಲ. ಐದು ದಿನದ ಹೊಸ ಜಾಲರಿ ಇಷ್ಟು ಬೇಗ ಕಟ್ಟುವುದಿಲ್ಲ. ಅವಳು ಫೋನ್ ಕೆಳಗಿಟ್ಟು ನಲ್ಲಿ ಮುಚ್ಚಿದಳು, ಪೈಪು ಬಿಚ್ಚಿದಳು, ಇಕ್ಕಳದಿಂದ ಎಳೆದಳು.

ಅಂಗೈಗೆ ಬಂದದ್ದು ಹಳೆಯದು. ಉಪ್ಪು ಹಾಗೇ ಇತ್ತು. ಒಂದು ಮೂಲೆ ಬಗ್ಗಿತ್ತು.

ಅವಳು ಅದನ್ನು ನೋಡುತ್ತ ನಿಂತಳು. ಕೆಲಸದಲ್ಲಿ ಒಂದು ಸ್ಕ್ರೂ ಸಡಿಲ ಬಿಟ್ಟವನಲ್ಲ ಅವನು. ತನ್ನ ಮನೆಯ ಅಡುಗೆಯೇ ಹಾಳಾಗಲಿ ಎಂದು, ಸುಳ್ಳು ಹೇಳಿ, ಅರ್ಧ ಕಟ್ಟಿದ ಜಾಲರಿಯನ್ನು ಹಾಗೇ ಬಿಟ್ಟು ಹೋಗಿದ್ದಾನೆ. ಅವಳ ಒಂದು ಫೋನಿಗಾಗಿ. ಕರೆದರೆ ಅವನು ಬರುತ್ತಾನೆ. ಬಂದರೆ ಸಂಜೆಗೆ ವಾಪಸ್ ಹೋಗುವುದಿಲ್ಲ, ಅದೂ ಅವಳಿಗೆ ಗೊತ್ತಾಯಿತು. ಆಮೇಲೆ? ತೆಂಗಿನ ಹಾಲು ಹಿಂಡಿಟ್ಟು ಕಾಯುವ ಅವನ ಅಮ್ಮ. ಕುವೈತಿನಿಂದ ರಜೆ ಹಾಕಿ ಬಂದ ಹುಡುಗಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ರೋಹಿತ್, ಅವನ ಹಿಂದೆ ನಿಲ್ಲುವವರು. ಕಾಪುವಿನಿಂದ ಕಾರ್ಕಳದವರೆಗೆ ಇಬ್ಬರಿಗೆ ನಿಲ್ಲಲು ಒಂದು ನೆರಳು ಅವಳಿಗೆ ಕಾಣಿಸಲಿಲ್ಲ.

ಎಂತ ಆಯಿತು, ಬರ್ತಾನಾ, ಎಂದು ಬಾಯಿ ಕೇಳಿದರು.

"ವಿನೆಗರ್ ಕೊಡಿ ಬಾಯಿ," ಎಂದಳು ಚಂಪಾ.

ಮೂಲೆಯನ್ನು ನೆಟ್ಟಗೆ ಮಾಡಲು ಹೋಗದೆ, ಉಪ್ಪು ಬಿಡುವವರೆಗೆ ಮೆತ್ತಗೆ ಉಜ್ಜಿದಳು. ಕಣ್ಣು ಉರಿಯಿತು, ವಿನೆಗರಿನ ವಾಸನೆಗೆ ಎಂದುಕೊಂಡಳು. ಜಾಲರಿ ಕೂರಿಸಿ, ಪೈಪು ಬಿಗಿದು, ನಲ್ಲಿ ಬಿಟ್ಟಳು. ಟಕ್. ನೀರು ಓಡಿತು.

ಮೂರು ಗಂಟೆಗೆ ಆರುನೂರು ಸಾನ್ನಾ ಬಾಳೆಲೆ ಹಾಸಿದ ಬುಟ್ಟಿಗಳಲ್ಲಿ ಟೆಂಪೊ ಹತ್ತಿದವು. ಟೆಂಪೊ ಗೇಟು ದಾಟುವಾಗ ಬಾಯಿಯ ಫೋನ್ ಹೊಡೆದುಕೊಂಡಿತು. ಅವರು ಹೆಸರು ನೋಡಿ ಅವಳಿಗೇ ಕೊಟ್ಟು ಒಳಗೆ ಹೋದರು.

"ಮೆಷಿನ್ ನಿಲ್ಲಲಿಲ್ವಾ?"

"ನಿಂತಿತ್ತು."

ಅವನ ಹಿಂದೆ ಹೆಂಗಸರು ಹಾಡುತ್ತಿದ್ದರು, ಯಾರೋ ನಗುತ್ತಿದ್ದರು.

"ಜಾಲರಿ ತೆಗೆದು ತೊಳೆದೆ," ಎಂದಳು ಚಂಪಾ. "ಮೂಲೆ ಸ್ವಲ್ಪ ಬಗ್ಗಿತ್ತು."

ಹಾಡು ಸ್ವಲ್ಪ ದೂರವಾಯಿತು. ಅವನು ಕೇಳಿದ, "ನೋಡಿಯೂ ಕರೀಲಿಲ್ಲ ನೀನು?" ಅವನು ಅವಳನ್ನು ನೀನು ಎಂದದ್ದು ಅದೇ ಮೊದಲು.

"ನೋಡಿದ್ದಕ್ಕೇ ಕರೀಲಿಲ್ಲ."

ಆ ಕಡೆಯಿಂದ ಯಾರೋ ಹೆಂಗಸು ಅವನನ್ನು ಕೂಗಿದರು. ಹೋಗಿ ಎಂದು ಅವಳೇ ಹೇಳಿ ಫೋನ್ ಇಟ್ಟಳು.

ಮೇ ಕೊನೆಗೆ ಕೆಂಪು ಹನಿ ಮತ್ತೆ ಮಿನುಗಿದಾಗ ಸೆಂಟರಿನಿಂದ ಬೇರೆಯವನೊಬ್ಬ ಬಂದ, ದಪ್ಪ ಕನ್ನಡಕದವನು. ತಗಡು ಬಿಚ್ಚಿ, ಕಾಯಿಲ್ ಹೋಗಿದೆ ಎಂದ.

"ಕಾಯಿಲ್ ಸರಿ ಉಂಟು," ಎಂದಳು ಚಂಪಾ. "ಟಕ್ ಅಂತ ಕೇಳ್ತದೆ."

ಅವನು ಕೇಳಿಸಿಕೊಳ್ಳಲಿಲ್ಲ. ಕಾಯಿಲ್ ಬದಲಿಸಿ, ಚಹಾ ಬೇಡವೆಂದು, ಹತ್ತೇ ನಿಮಿಷದಲ್ಲಿ ಹೋದ. ಅವನ ಬೈಕಿನ ಸದ್ದು ಹೆದ್ದಾರಿಗೆ ಸೇರುವವರೆಗೆ ಅವಳು ಕಾದಳು. ಆಮೇಲೆ ನಲ್ಲಿ ಮುಚ್ಚಿ, ಟೂತ್‌ಬ್ರಶ್ ತೆಗೆದುಕೊಂಡು, ಓವನ್ನಿನ ಪಕ್ಕ ನೆಲದ ಮೇಲೆ ಕುಳಿತಳು.